ಇರಲಿ ಬಿಡು, ಬೇಕಾಗುತ್ತೆ

ನಮ್ಮ ಅತ್ತೆಯವರ ಕೈಯಿಂದ ಯಾವ ವಸ್ತುವೂ ನೇರವಾಗಿ ಕಸದ ಬುಟ್ಟಿಗೆ ಹೋದದ್ದಿಲ್ಲ. ಔಷಧಿ ಬಾಟಲಿಯ ಮುಚ್ಚಳ, ಮಾತ್ರೆ ಮುಗಿದ ಪಟ್ಟಿ, ಬರೆಯದ ಪೆನ್ನು, ಹಲ್ಲು ಮುರಿದ ಬಾಚಣಿಗೆ, ಎಲ್ಲಕ್ಕೂ ಅವರದು ಒಂದೇ ಮಂತ್ರ: "ಇರಲಿ ಬಿಡು, ಬೇಕಾಗುತ್ತೆ." ಯಾವುದಕ್ಕೆ ಬೇಕಾಗುತ್ತೆ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕೇಳಿದ್ದರೂ ಅವರ ಬಳಿ ಉತ್ತರವಿರಲಿಲ್ಲ. ನಾನು ಸೊಸೆಯಾಗಿ ಬಂದ ಮೇಲೆ ಉತ್ತರ ಸಿಕ್ಕಿತು. ಅವೆಲ್ಲ ಅಂತರಿಕ್ಷ ನೌಕೆಗೆ ಬೇಕಾಗಿದ್ದವು.

ನನಗಿರುವುದು ರೆಸಿನ್ ಮಾಡೆಲ್‌ಗಳ ಹುಚ್ಚು. ಸೈನ್ಸ್ ಫಿಕ್ಷನ್ ಸಿನಿಮಾಗಳ ನೌಕೆ, ರೋಬೋಟ್, ಚಂದ್ರನ ಮೇಲೆ ಓಡಾಡುವ ಗಾಡಿ, ಇಂಥವನ್ನು ಬಿಡಿಭಾಗಗಳಾಗಿ ತರಿಸಿ ಜೋಡಿಸುತ್ತೇನೆ. ಜೋಡಿಸುತ್ತ ಹೋದಂತೆ ಮಾಡಿದವನ ಲೆಕ್ಕಾಚಾರ ಒಪ್ಪಿಗೆಯಾಗದೆ ಅರ್ಧ ಕತ್ತರಿಸಿ ಹಾಕಿ ನನ್ನದೇ ಕಟ್ಟುತ್ತೇನೆ. ಪ್ಲಾಸ್ಟಿಕ್ ಕಿಟ್ಟುಗಳಾದರೆ ಕಾರ್ಖಾನೆಯ ಉಕ್ಕಿನ ಅಚ್ಚಿನಲ್ಲಿ ರಾಶಿ ರಾಶಿ ಬರುತ್ತವೆ. ರೆಸಿನ್ ಕಿಟ್ಟು ಹುಟ್ಟುವುದು ಯಾರದೋ ಮನೆಯ ಮೂಲೆಯಲ್ಲಿ. ಆತ ಮೊದಲು ಕೈಯಾರೆ ಒಂದು ಮಾದರಿ ಮಾಡಿ, ಅದರ ಸುತ್ತ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ತೆಗೆಯುತ್ತಾನೆ. ಆಮೇಲೆ ಎರಡು ದ್ರವ ಬೆರೆಸಿ ಅದರೊಳಗೆ ಹೊಯ್ಯುತ್ತಾನೆ. ಬೆರೆಸಿದ ಕೆಲವೇ ನಿಮಿಷಕ್ಕೆ ಅದು ಗಟ್ಟಿ. ಕೆಲವು ಡಜನ್ ಎರಕ ತೆಗೆಯುವಷ್ಟರಲ್ಲಿ ರಬ್ಬರ್ ಅಚ್ಚಿಗೂ ಮುಪ್ಪು.

ಜಪಾನಿನಲ್ಲಿ ಇವಕ್ಕೆ ಗ್ಯಾರೇಜ್ ಕಿಟ್ ಎನ್ನುತ್ತಾರೆ. 1980ರ ದಶಕದ ನಡುವೆ ಶುರುವಾದ ವಂಡರ್ ಫೆಸ್ಟಿವಲ್ ಎಂಬ ಇವುಗಳ ಜಾತ್ರೆ ಟೋಕಿಯೋ ಪಕ್ಕದ ಚಿಬಾದಲ್ಲಿ ವರ್ಷಕ್ಕೆರಡು ಸಲ ನೆರೆಯುತ್ತದೆ. ಸಿನಿಮಾ, ಕಾರ್ಟೂನ್ ಪಾತ್ರಗಳ ಮಾದರಿ ಮಾರುವ ಹಕ್ಕನ್ನು ಹವ್ಯಾಸಿಗಳಿಗೆ ಅದೊಂದು ದಿನದ ಮಟ್ಟಿಗೆ ಮಾತ್ರ ಕೊಡುತ್ತಾರೆ. ಅಂದು ಮಾರಿದರೆ ಕಲಾವಿದ, ಮರುದಿನ ಮಾರಿದರೆ ಕಳ್ಳ.

ಅಂಥದೊಂದು ನೌಕೆಯ ಡಬ್ಬ ನಮ್ಮ ಮನೆಗೆ ಬಂದಾಗ ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದೇ ಭಾಗ ಎತ್ತಿ ನೋಡಿದರು. ಒಂದು ರೆಕ್ಕೆ ಸೊಟ್ಟ, ಮೂತಿಯ ತುಂಬ ಗಾಳಿಗುಳ್ಳೆಯ ತೂತು, ಅಂಚಿನಲ್ಲೆಲ್ಲ ಎರಕದ ಗೆರೆ. "ಇಷ್ಟು ದುಡ್ಡು ಸುರಿದು ಮುರಿದದ್ದನ್ನ ತರಿಸಿದ್ಯಲ್ಲೇ! ವಾಪಸ್ ಕಳ್ಸು" ಎಂದರು. ರೆಸಿನ್ ಕಿಟ್ಟು ಬರುವುದೇ ಹೀಗೆ ಎಂದೆ. ದುಡ್ಡನ್ನೂ ಕೊಟ್ಟು, ದುರಸ್ತಿಯನ್ನೂ ನಾವೇ ಮಾಡುವ ವ್ಯಾಪಾರ ಅವರು ಕಂಡಿರಲಿಲ್ಲ.

ಕಂಡ ಮೇಲೆ ಬಿಡಲೂ ಇಲ್ಲ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ನಿಲ್ಲುವುದಿಲ್ಲ. ಹಾಗಾಗಿ ಮೊದಲು ಸೋಪಿನ ನೀರಲ್ಲಿ ತೊಳೆಯಬೇಕು. ಆ ಕೆಲಸ ಅವರದಾಯಿತು. ಸೊಟ್ಟ ರೆಕ್ಕೆಯನ್ನು ಬಿಸಿನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ನೆಟ್ಟಗೆ ಮಾಡಿ ತಣ್ಣೀರಿಗೆ ಅದ್ದಿದರೆ ಹಾಗೇ ನಿಲ್ಲುತ್ತದೆ. ಇದಕ್ಕೊಂದು ಬೇರೆಯೇ ಪಾತ್ರೆ ಇದೆ. ಅದು ತಪ್ಪಿಯೂ ಅಡುಗೆಗೆ ಬೆರೆಯದಿರಲೆಂದು ಅತ್ತೆ ಅದರ ಹೊರಮೈಗೆ ನೇಲ್ ಪಾಲಿಶ್‌ನಲ್ಲಿ 'ವಿಮಾನ' ಎಂದು ಬರೆದಿದ್ದಾರೆ. ರೆಸಿನ್ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ. ಬಚ್ಚಲಲ್ಲಿ ಮಾಸ್ಕ್ ಹಾಕಿ, ನೀರು ಬಿಟ್ಟುಕೊಂಡು ವಾಟರ್ ಪೇಪರ್‌ನಿಂದ ಉಜ್ಜುವುದು ನನ್ನ ಪಾಲು. ಪ್ಲಾಸ್ಟಿಕ್ ಕಿಟ್ಟಿನ ಅಂಟಿಗೆ ರೆಸಿನ್ ಜಗ್ಗುವುದಿಲ್ಲ. ತೂತು ಕೊರೆದು, ಹಿತ್ತಾಳೆ ಕಡ್ಡಿ ಸಿಕ್ಕಿಸಿ, ಸೂಪರ್ ಗ್ಲೂ ಹಾಕಿದರೆ ಮಾತ್ರ ರೆಕ್ಕೆ ಮೈಗೆ ಹತ್ತುತ್ತದೆ.

ಇಷ್ಟಾದರೂ ನೌಕೆಯ ಹಿಂಬದಿ ಬೋಳು ಬೋಳು. ದೊಡ್ಡದನ್ನು ದೊಡ್ಡದೆಂದು ಕಣ್ಣು ನಂಬಬೇಕಾದರೆ ಅದರ ಮೇಲೆ ಸಣ್ಣ ಸಣ್ಣದು ಏನಾದರೂ ಇರಲೇಬೇಕು. ಹಾಲಿವುಡ್‌ನವರು ಈ ಗುಟ್ಟು ಎಂದೋ ಕಂಡುಕೊಂಡರು. 1968ರ '2001: ಎ ಸ್ಪೇಸ್ ಒಡಿಸ್ಸಿ'ಯ ನೌಕೆಗಳಿಗೂ ಅಂಗಡಿಯ ಕಿಟ್ಟುಗಳ ಚೂರು ಅಂಟಿಸಿದ್ದರು. 1977ರ 'ಸ್ಟಾರ್ ವಾರ್ಸ್' ಹೊತ್ತಿಗೆ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನ ಗೋದಾಮಿನಲ್ಲಿ ಕುಳಿತವರು ಟ್ಯಾಂಕು, ಫಿರಂಗಿ, ರೇಸ್ ಕಾರುಗಳ ಕಿಟ್ಟುಗಳನ್ನು ಒಡೆದೊಡೆದು ಮಿಲೇನಿಯಂ ಫಾಲ್ಕನ್ ಎಂಬ ನೌಕೆಯ ಐದಡಿ ಮಾದರಿಗೆ ಮೆತ್ತಿದರು. ಈ ಚೂರುಗಳಿಗೆ ಜಾರ್ಜ್ ಲ್ಯೂಕಸ್ ಗ್ರೀಬ್ಲಿ ಎನ್ನುತ್ತಿದ್ದರು. ಅದೇ ಸರಣಿಯ 1980ರ ಚಿತ್ರದ ಭಯಂಕರ ರೋಬೋಟ್ ಐಜಿ-88ರ ತಲೆ ಹಳೆಯ ರೋಲ್ಸ್ ರಾಯ್ಸ್ ಜೆಟ್ ಎಂಜಿನ್ನಿನ ಉರಿಗೊಳವೆ. ಅದೇ ಚಿತ್ರದಲ್ಲಿ ಊರು ಬಿಟ್ಟು ಓಡುವವನೊಬ್ಬ ಎದೆಗವಚಿಕೊಂಡಿರುವ ಅಮೂಲ್ಯ ಉಪಕರಣ ಐಸ್‌ಕ್ರೀಮ್ ಮಾಡುವ ಯಂತ್ರ. ಸರಣಿಯ 1999ರ ಚಿತ್ರದಲ್ಲಿ ಜೆಡೈ ಯೋಧರ ಗುರು ಗಂಭೀರವಾಗಿ ಮಾತಾಡುವ ವೈರ್‌ಲೆಸ್ಸೋ, ಹೆಂಗಸರ ರೇಜರ್‌ನಿಂದ ಅಚ್ಚು ತೆಗೆದ ರೆಸಿನ್ ತುಂಡು.

ಇದನ್ನೆಲ್ಲ ಹೇಳಿದಾಗ ಅತ್ತೆಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ನೋಡ್ದೆಯಾ? ನಾನು ಬಡ್ಕೊಂಡಿದ್ದೂ ಅದನ್ನೇ" ಎಂದು ಎದ್ದುಹೋಗಿ, ಮಂಚದ ಕೆಳಗಿನಿಂದ ಮೂರು ಬಿಸ್ಕತ್ ಡಬ್ಬ ಎಳೆದು ತಂದರು. ಒಬ್ಬ ಮಾಡೆಲ್ ಕಟ್ಟುವವಳಿಗೆ ಇದಕ್ಕಿಂತ ದೊಡ್ಡ ತವರುಮನೆ ಬಳುವಳಿ ಇಲ್ಲ, ಅದೂ ಗಂಡನ ಮನೆಯಲ್ಲಿ! ರೀಫಿಲ್ಲುಗಳು ಇಂಧನದ ಪೈಪಾದವು. ಡಿಯೋಡರೆಂಟ್ ಡಬ್ಬಿಯ ಗುಂಡು ರೇಡಾರ್ ಆಯಿತು. ಮಾತ್ರೆ ಪಟ್ಟಿಯ ಪಾರದರ್ಶಕ ಗುಳ್ಳೆ ಚಾಲಕನ ಕಿಟಕಿಯಾಯಿತು. ನಮ್ಮ ಯಜಮಾನರ ಅವಧಿ ಮುಗಿದ ಕ್ರೆಡಿಟ್ ಕಾರ್ಡನ್ನು ಕತ್ತರಿಸಿ ಹಲಗೆ ಹಲಗೆಯಾಗಿ ಹೊದಿಸಿದೆ. ಆ ಕಾರ್ಡು ಖರ್ಚಿಲ್ಲದೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಯಜಮಾನರದು ವಿರೋಧ ಪಕ್ಷ. ಅವರ ಗುರು ಮಾರಿ ಕೊಂಡೊ. ಸಂತೋಷ ಕೊಡದ ವಸ್ತುವನ್ನು ಮನೆಯಿಂದಾಚೆ ಹಾಕಿ ಎಂದ ಜಪಾನಿನ ಮಹಾತಾಯಿ. "ಈ ಮುಚ್ಚಳ ಕೈಯಲ್ಲಿ ಹಿಡ್ಕೊಂಡ್ರೆ ಸಂತೋಷ ಆಗುತ್ತಾ, ಹೇಳು" ಎಂದು ಒಂದು ದಿನ ಸವಾಲು ಹಾಕಿದರು. ಅತ್ತೆ, ನಾನು ಇಬ್ಬರೂ ಒಟ್ಟಿಗೇ "ಆಗುತ್ತೆ" ಎಂದೆವು. ಬಹುಮತದ ಮುಂದೆ ಅವರೇನು ಮಾಡಿಯಾರು! ಗ್ಯಾರೇಜ್ ಕಿಟ್ಟನ್ನೂ ಕೊಂಡೊ ಅವರನ್ನೂ ಒಂದೇ ದೇಶ ಕೊಟ್ಟಿದೆ ಎಂಬುದಷ್ಟೇ ನಾನು ಅವರಿಗೆ ಹೇಳಿದ ಸಮಾಧಾನ.

ಕೊನೆಗೆ ಬೂದು ಬಣ್ಣದ ಪ್ರೈಮರ್ ಒಂದು ಕೋಟು. ಅಲ್ಲಿಯವರೆಗೆ ಬಣ್ಣಕ್ಕೊಂದು ಜಾತಿಯಾಗಿದ್ದ ರೀಫಿಲ್ಲು, ಕಾರ್ಡು, ಮುಚ್ಚಳಗಳೆಲ್ಲ ಒಂದೇ ಕ್ಷಣದಲ್ಲಿ ಲೋಹವಾಗಿಬಿಡುತ್ತವೆ. ಬಂದ ನೆಂಟರು, ಬೆಂಗಳೂರಿನವರಲ್ಲವೇ, "ಇಸ್ರೋದ್ದಾ?" ಎಂದು ಕೇಳುತ್ತಾರೆ. ಅತ್ತೆ ಮಾತ್ರ ಬೆರಳಿಟ್ಟು ತೋರಿಸುತ್ತಾರೆ: "ಇದು ನನ್ನ ಬಿಪಿ ಮಾತ್ರೆ, ಇದು ಗ್ಯಾಸ್ ಮಾತ್ರೆ."

ಆದ್ದರಿಂದ, ಮನೆಯ ಹಿರಿಯರು ಮುಚ್ಚಳ ಕೂಡಿಡುತ್ತಿದ್ದರೆ ದಯವಿಟ್ಟು ಬೈಯಬೇಡಿ, ವಿಂಗಡಿಸಿ ಕೊಡಿ. ಗುಂಡಗಿರುವುದು ಎಂಜಿನ್ನಿಗೆ, ಉದ್ದಗಿರುವುದು ಪೈಪಿಗೆ, ಏನೆಂದು ತಿಳಿಯದ್ದು ಎಲ್ಲಿಗೆ ಬೇಕಾದರೂ. ಸೂಪರ್ ಗ್ಲೂ ಒಂದನ್ನು ಮಾತ್ರ ಎತ್ತಿಡಲು ಹೋಗಬೇಡಿ. ಒಮ್ಮೆ ತೆರೆದದ್ದು ಮರುಸಲಕ್ಕೆ ಟ್ಯೂಬಿನೊಳಗೇ ಕಲ್ಲಾಗಿರುತ್ತದೆ.