ಆಸ್ತಿಕ–ನಾಸ್ತಿಕ ವಾದ: ಕೋಪರಖೈರಣೆಯ ಒಂದು ಷೇರಿನ ಮೀಮಾಂಸೆ

1. ವಿಷಯ ಮತ್ತು ವ್ಯಾಪ್ತಿ

ವೇದದ ಪ್ರಾಮಾಣ್ಯವನ್ನು ಒಪ್ಪುವವರು ಆಸ್ತಿಕರು, ಒಪ್ಪದವರು ನಾಸ್ತಿಕರು ಎಂಬ ಲಕ್ಷಣವು ಭಾರತೀಯ ದರ್ಶನಗಳಲ್ಲಿ ಪ್ರಾಚೀನವಾದದ್ದು. ಆದರೆ ಕಲ್ಯಾಣ್, ಡೊಂಬಿವಲಿ, ಥಾಣೆ ನಿಲ್ದಾಣಗಳ ನಡುವೆಯೂ, ಥಾಣೆಯಿಂದ ಐರೋಲಿ, ಘನ್ಸೋಲಿಗಳ ಮೂಲಕ ವಾಶಿಯತ್ತ ತಿರುಗುವ ಟ್ರಾನ್ಸ್ ಹಾರ್ಬರ್ ಮಾರ್ಗದಲ್ಲಿಯೂ ಬೆಳೆದುಬಂದಿರುವ ಇನ್ನೊಂದು ದರ್ಶನದಲ್ಲಿ ಈ ಪದಗಳ ವ್ಯುತ್ಪತ್ತಿಯೇ ಬೇರೆ. ಅಲ್ಲಿ ಆಸ್ತಿಕನೆಂದರೆ ಕಂಪನಿಗೆ ಇನ್ನೂ ಆಸ್ತಿ ಇದೆಯೆಂದು ನಂಬಿದವನು. ನಾಸ್ತಿಕನೆಂದರೆ ಆಸ್ತಿ ಇದ್ದರೂ ಅದು ತನ್ನದಲ್ಲವೆಂದು ಅರಿತವನು. ಇಬ್ಬರ ಬಳಿಯೂ ಷೇರು ಇರುತ್ತದೆ, ಇಬ್ಬರೂ ಅದನ್ನು ಮಾರುವುದಿಲ್ಲ ಎಂಬುದು ಈ ದರ್ಶನದ ಅದ್ವೈತ.

ಈ ವಾದದ ಕರ್ತೃವಾದ ಸಣ್ಣ ಷೇರುದಾರನ ಲಕ್ಷಣವನ್ನು ಮೊದಲು ನಿರ್ಣಯಿಸಬೇಕು. ಹೊಸ ಷೇರಿಗೆ 2 ಲಕ್ಷ ರೂಪಾಯಿಯೊಳಗಿನ ಅರ್ಜಿ ಹಾಕುವವನು ಸಣ್ಣ ಹೂಡಿಕೆದಾರನೆಂಬುದು ಸೆಬಿಯ, ಅಂದರೆ ಷೇರುಪೇಟೆಯ ಮೇಲೆ ನಿಗಾ ಇಡುವ ಸಂಸ್ಥೆಯ ಮತ. ಪ್ರಸ್ತುತ ದರ್ಶನದ ಪ್ರಕಾರ, ಸುಮಾರು 276 ಕೋಟಿ ಷೇರುಗಳಲ್ಲಿ ಹತ್ತನ್ನೋ ನೂರನ್ನೋ ಹೊಂದಿದ್ದು, ಕಂಪನಿಯ ಮಾತು ಬಂದಾಗಲೆಲ್ಲ ‘ನಮ್ಮದು’ ಎನ್ನುವವನೇ ಸಣ್ಣ ಷೇರುದಾರ. ಲಾಭದ ಕಾಲದಲ್ಲಿ ‘ನಮ್ಮದು’ ಎನ್ನುವುದು ಸಹಜ. ನಷ್ಟದ ಕಾಲದಲ್ಲಿ ಹಾಗೆನ್ನುವುದು ಭಕ್ತಿ.

2. ಪದಾರ್ಥ ನಿರೂಪಣೆ

ವಾದಕ್ಕೆ ಆಧಾರವಾದ ಪದಾರ್ಥ ರಿಲಯನ್ಸ್ ಕಮ್ಯುನಿಕೇಷನ್ಸ್ ಎಂಬ ದೂರಸಂಪರ್ಕ ಕಂಪನಿ. ವಾದಿಗಳ ಬಾಯಲ್ಲಿ ಅದು ಆರ್‌ಕಾಮ್. ಅದರ ಪೀಠ ನವಿಮುಂಬಯಿಯ ಕೋಪರಖೈರಣೆಯಲ್ಲಿರುವ ಧೀರೂಭಾಯಿ ಅಂಬಾನಿ ನಾಲೆಜ್ ಸಿಟಿ. ಧೀರೂಭಾಯಿ ಅಂಬಾನಿಯವರು 2002ರ ಜುಲೈಯಲ್ಲಿ ತೀರಿಕೊಂಡ ಬಳಿಕ, ಅದೇ ವರ್ಷ ಡಿಸೆಂಬರ್ 28ರ ಅವರ ಜನ್ಮದಿನದಂದು ಈ ಉದ್ಯಮ ರಿಲಯನ್ಸ್ ಇನ್‌ಫೋಕಾಮ್ ಎಂಬ ಹೆಸರಿನಲ್ಲಿ ಲೋಕಾರ್ಪಣೆಗೊಂಡಿತು. ಪೋಸ್ಟ್‌ಕಾರ್ಡಿಗಿಂತ ಅಗ್ಗದಲ್ಲಿ ಮಾತಾಡುವಂತಾಗಬೇಕೆಂಬುದು ಅದರ ಸಂಕಲ್ಪವಾಗಿತ್ತು. 2003ರ ‘ಮಾನ್ಸೂನ್ ಹಂಗಾಮಾ’ ಯೋಜನೆಯಲ್ಲಿ 501 ರೂಪಾಯಿ ಕಟ್ಟಿ ಫೋನು ಹಿಡಿದವರು ಹಲವರು. ಮಂಗಲಕಾರ್ಯದ ಮುಯ್ಯಿಯಂತೆ ಕೊನೆಗೊಂದು ರೂಪಾಯಿ ಸೇರಿಸಿದ ಆ ಮೊತ್ತದಿಂದ ಗ್ರಾಹಕನೂ ಕಂಪನಿಯೂ ನೆಂಟರಾದರೆಂದು ಆಸ್ತಿಕರು ಇಂದಿಗೂ ವ್ಯಾಖ್ಯಾನಿಸುತ್ತಾರೆ.

2005ರಲ್ಲಿ ಧೀರೂಭಾಯಿಯವರ ಮಕ್ಕಳಾದ ಅಣ್ಣತಮ್ಮಂದಿರು ಪಾಲಾದಾಗ ಈ ಕಂಪನಿ ಕಿರಿಯರಾದ ಅನಿಲ್ ಅಂಬಾನಿಯವರ ಪಾಲಿಗೆ ಬಂದಿತು. ಮೂಲ ರಿಲಯನ್ಸಿನ ಷೇರುದಾರರಿಗೆ ಒಂದಕ್ಕೊಂದರಂತೆ ಇದರ ಷೇರೂ ಸಿಕ್ಕಿತು. 2006ರ ಮಾರ್ಚಿನಲ್ಲಿ ಪೇಟೆಗಿಳಿದ ಷೇರು 2008ರ ಜನವರಿಯಲ್ಲಿ 800 ರೂಪಾಯಿ ದಾಟಿತು. ಈ 800 ಎಂಬ ಸಂಖ್ಯೆ ವಾದಿಗಳ ಮನಸ್ಸಿನಲ್ಲಿ ಊರ ಮನೆಯ ಅಟ್ಟದಲ್ಲಿಟ್ಟ ಹಿತ್ತಾಳೆಯ ಹಂಡೆಯಂತೆ ಕೂತುಬಿಟ್ಟಿದೆ: ಅದರಲ್ಲಿ ಯಾರೂ ನೀರು ಕಾಯಿಸುವುದಿಲ್ಲ, ಗುಜರಿಗೆ ಹಾಕಲು ಯಾರೂ ಬಿಡುವುದೂ ಇಲ್ಲ.

ಬಳಿಕದ ಇತಿಹಾಸವನ್ನು ವಾದಿಗಳು ಬೇಗ ದಾಟಿಬಿಡುವ ರೂಢಿಯಿದೆ. 2010ರ 3ಜಿ ತರಂಗಾಂತರದ ಹರಾಜಿನಲ್ಲಿ ಕಂಪನಿ 8,585 ಕೋಟಿ ರೂಪಾಯಿ ತೆತ್ತಿತು, ಸಾಲ ಬೆಳೆಯಿತು. 2016ರ ಸೆಪ್ಟೆಂಬರಿನಲ್ಲಿ ಅಣ್ಣನ ದೂರಸಂಪರ್ಕ ಕಂಪನಿಯಾದ ಜಿಯೊ ಬಂದು ಮಾತನ್ನೇ ಪುಕ್ಕಟೆ ಮಾಡಿದಾಗ, ಪೋಸ್ಟ್‌ಕಾರ್ಡಿಗಿಂತ ಅಗ್ಗವೆಂಬ ಸಂಕಲ್ಪ ಪೂರ್ಣವಾಗಿ ಈಡೇರಿತು, ಆದರೆ ಬೇರೆಯವರ ಕೈಯಲ್ಲಿ. ಏರ್‌ಸೆಲ್ ಎಂಬ ಇನ್ನೊಂದು ಮೊಬೈಲು ಕಂಪನಿಯ ಜೊತೆಗಿನ ವಿಲೀನ 2017ರ ಅಕ್ಟೋಬರಿನಲ್ಲಿ ಮುರಿದುಬಿತ್ತು, ಆ ವರ್ಷದ ಕೊನೆಗೆ ಮೊಬೈಲು ಕರೆಗಳು ನಿಂತವು, 2019ರ ಮೇ ತಿಂಗಳಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಸೇರಿತು. ಅದೇ ವರ್ಷ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ 30,142 ಕೋಟಿ ರೂಪಾಯಿ ನಷ್ಟ ಘೋಷಿಸಿತು. ಷೇರಿನ ಮುಖಬೆಲೆ, ಅಂದರೆ ಹುಟ್ಟಿದಾಗ ಅದರ ಹಣೆಯ ಮೇಲೆ ಬರೆದ ಬೆಲೆ, 5 ರೂಪಾಯಿ. ದಿವಾಳಿಯ ಬಳಿಕ ಪೇಟೆಯ ಬೆಲೆ ಒಂದೆರಡು ರೂಪಾಯಿಗೆ ಇಳಿಯಿತು. ಮುಖ ನೋಡಿ ಮಣೆ ಹಾಕಬಾರದೆಂಬುದಕ್ಕೆ ಅರ್ಥಶಾಸ್ತ್ರ ಒದಗಿಸುವ ನಿದರ್ಶನ ಇದು.

3. ವಾದಮಂಟಪ

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಅನುಭವ ಮಂಟಪವಿತ್ತೆಂದು ಪ್ರತೀತಿ. ಇಲ್ಲಿ ಹೇಳುತ್ತಿರುವ ಕಲ್ಯಾಣ್ ಶರಣರದಲ್ಲ, ಮಧ್ಯ ರೈಲ್ವೆಯ ಜಂಕ್ಷನ್ನು. ಇಲ್ಲಿಯ ಅನುಭವಕ್ಕೂ ಮಂಟಪವುಂಟು, ಅದು ಚಲಿಸುತ್ತದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ಗಾಡಿ ಓಡಿತು. ಮುಂಬಯಿ ಷೇರುಪೇಟೆ ಸ್ಥಾಪನೆಯಾದದ್ದು 1875ರಲ್ಲಿ. ಷೇರು ಕೊಳ್ಳುವವರು ಕೂತು ಮಾತಾಡಲು ಬೆಂಚು ಸಿದ್ಧವಾಗಿ 22 ವರ್ಷ ಕಳೆದ ಮೇಲಷ್ಟೇ ಪೇಟೆ ಹುಟ್ಟಿತೆಂಬುದರಿಂದ, ಷೇರುಪೇಟೆಯು ರೈಲ್ವೆಯ ಒಂದು ಶಾಖೆಯೆಂದು ತೀರ್ಮಾನಿಸಲು ಅಡ್ಡಿಯಿಲ್ಲ.

ಲೋಕಲ್ ಗಾಡಿಯಲ್ಲಿ ಮೂವರ ಬೆಂಚಿನಲ್ಲಿ ನಾಲ್ವರು ಕೂರುವುದು ಶಿಷ್ಟಾಚಾರ. ಅಂಚಿಗೆ ಅರ್ಧ ಕೂತು ಅರ್ಧ ನಿಂತಿರುವವನ ಜಾಗಕ್ಕೆ ‘ಫೋರ್ತ್ ಸೀಟ್’ ಎಂದು ಹೆಸರು. ಸಣ್ಣ ಷೇರುದಾರನಿಗೂ ಕಂಪನಿಗೂ ಇರುವ ಸಂಬಂಧವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಕಾಯಿದೆಯೂ ವಿವರಿಸಿಲ್ಲ: ಕೂತಿದ್ದಾನೆಂದು ಲೆಕ್ಕ, ಭಾರ ಕಾಲಿನ ಮೇಲೆ. ಬ್ಯಾಂಕಿನಿಂದ ನಿವೃತ್ತರಾದ ರಾಯರು, ವಾಶಿಯ ಹೋಟೆಲಿನ ಗಲ್ಲೆಯಲ್ಲಿ ಕೂರುವ ಶೆಟ್ಟರು ಮೊದಲಾದ ಕನ್ನಡಿಗರು ತೊಡೆಯ ಮೇಲೆ ಕನ್ನಡ ದಿನಪತ್ರಿಕೆ ‘ಕರ್ನಾಟಕ ಮಲ್ಲ’ ಹರಡಿಕೊಂಡು ನಡೆಸುವ ವಾದದ ಮಾದರಿ ಹೀಗಿದೆ:

“ಶೆಟ್ರೇ, ನಿನ್ನೆ ಐದು ಪೈಸೆ ಏರಿದೆ.”

“ಐದೇ ಪೈಸೆಯಾ ರಾಯರೇ?”

“ಒಂದು ರೂಪಾಯಿಗೆ ಐದು ಪೈಸೆ ಅಂದ್ರೆ ಐದು ಪರ್ಸೆಂಟ್ ಮಾರಾಯ್ರೇ. ನಮ್ಮ ಬ್ಯಾಂಕು ವರ್ಷವಿಡೀ ಕೊಡುವುದನ್ನು ಇದು ಒಂದೇ ದಿನದಲ್ಲಿ ಕೊಟ್ಟಿತು.”

“ಮೊನ್ನೆ ಐದು ಪೈಸೆ ಇಳಿದಿತ್ತಲ್ಲ?”

“ಅದು ಕರೆಕ್ಷನ್.”

ಏರಿದ್ದು ಕಂಪನಿಯ ಗುಣ, ಇಳಿದದ್ದು ಪೇಟೆಯ ದೋಷ ಎಂಬ ಸೂತ್ರ ಈ ಸಂವಾದದಲ್ಲಿ ಅಡಕವಾಗಿದೆ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು 2024ರ ಜೂನಿನಲ್ಲಿ 250 ರೂಪಾಯಿಗಿಂತ ಕೆಳಗಿನ ಷೇರುಗಳ ಬೆಲೆ ಐದು ಪೈಸೆಯ ಬದಲು ಒಂದೊಂದು ಪೈಸೆಯ ಹೆಜ್ಜೆಯಲ್ಲಿ ಏರಿಳಿಯುವಂತೆ ಮಾಡಿತು. ಹೀಗಾಗಿ ಆಶೆಯೂ ಈಗ ಚಿಲ್ಲರೆಯಾಗಿ ದೊರೆಯುತ್ತದೆ.

4. ಪ್ರಮಾಣ ವಿಚಾರ

ಜ್ಞಾನಕ್ಕೆ ಸಾಧನವಾದದ್ದು ಪ್ರಮಾಣ. ಮೀಮಾಂಸಕರು ಹೇಳಿದ ಆರರಲ್ಲಿ ಐದು ಈ ಬೆಂಚಿನಲ್ಲಿ ನಿತ್ಯ ಬಳಕೆಯಲ್ಲಿವೆ.

ಮೊದಲನೆಯದು ಪ್ರತ್ಯಕ್ಷ. ಕೋಪರಖೈರಣೆಯ ಆ ಕಟ್ಟಡಗಳು ಇನ್ನೂ ನಿಂತಿವೆ, ಆದ್ದರಿಂದ ಕಂಪನಿ ಇದೆ. ಎರಡನೆಯದು ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆಯೆಂದು ಊಹಿಸುವಂತೆ, ಒಂದು ದಿನ ಹೆಚ್ಚು ಷೇರುಗಳು ಕೈಬದಲಾದರೆ ‘ಯಾರಿಗೋ ಏನೋ ಗೊತ್ತಾಗಿದೆ’ ಎಂದು ಊಹಿಸಲಾಗುತ್ತದೆ. ಆ ಯಾರೋ ಕೊಂಡಷ್ಟೇ ಷೇರನ್ನು ಇನ್ಯಾರೋ ಮಾರಿರಲೇಬೇಕು, ಅವನಿಗೇನು ಗೊತ್ತಾಗಿದೆಯೆಂಬ ಪ್ರಶ್ನೆ ಏಳುವುದಿಲ್ಲ. ಈ ಏರಿಳಿತವನ್ನು ವಾದಿಗಳು ನೋಡುವುದು ಮೊಬೈಲಿನಲ್ಲಿ, ಆ ಮೊಬೈಲು ಓಡುವುದು ಬಹುಪಾಲು ಜಿಯೊ ಡೇಟಾದ ಮೇಲೆ. ಸತ್ತವನ ನಾಡಿಯನ್ನು ಗೆದ್ದವನ ಬೆರಳಿನಿಂದ ಹಿಡಿದು ನೋಡುವ ಇಂಥ ವೈದ್ಯ ಬೇರೆ ಶಾಸ್ತ್ರಗಳಲ್ಲಿ ಅಪರೂಪ.

ಮೂರನೆಯದಾದ ಉಪಮಾನಕ್ಕೆ ಸತ್ಯಂ ಕಂಪ್ಯೂಟರ್ಸ್ ಎಂಬ ಸಾಫ್ಟ್‌ವೇರ್ ಕಂಪನಿ ಆಧಾರ. 2009ರ ಜನವರಿ 7ರಂದು ಅದರ ಅಧ್ಯಕ್ಷರಾಗಿದ್ದ ರಾಮಲಿಂಗ ರಾಜು ಲೆಕ್ಕಪತ್ರ ಸುಳ್ಳೆಂದು ಒಪ್ಪಿಕೊಂಡಾಗ 179 ರೂಪಾಯಿಯ ಷೇರು ಅದೇ ದಿನ 40ಕ್ಕೆ ಕುಸಿಯಿತು. ಆದರೂ ಏಪ್ರಿಲಿನಲ್ಲಿ ಟೆಕ್ ಮಹೀಂದ್ರಾ ಷೇರಿಗೆ 58 ರೂಪಾಯಿಯಂತೆ ಕೊಟ್ಟು ಕಂಪನಿಯನ್ನು ಕೈಗೆತ್ತಿಕೊಂಡಿತು, 2013ರ ವಿಲೀನದಲ್ಲಿ ಸತ್ಯಂನ 17 ಷೇರುಗಳಿಗೆ ಟೆಕ್ ಮಹೀಂದ್ರಾದ 2 ಷೇರುಗಳು ದೊರೆತವು. ಸತ್ಯಂ ಎದ್ದಿತು, ಆದ್ದರಿಂದ ನಮ್ಮದೂ ಏಳುತ್ತದೆ ಎಂಬುದು ವಾದ. ಸತ್ಯಂನಲ್ಲಿ ಲೆಕ್ಕ ಸುಳ್ಳಾಗಿದ್ದರೂ ಕೆಲಸ ನಿಜವಾಗಿತ್ತು, ಗ್ರಾಹಕರೂ ನೌಕರರೂ ಇದ್ದರು; ಇಲ್ಲಿ ಗ್ರಾಹಕರು ನಂಬರು ಉಳಿಸಿಕೊಂಡು ಬೇರೆ ಕಂಪನಿಗಳಿಗೆ ಹೋಗಿದ್ದಾರೆ, ಉಳಿದುಕೊಂಡವನು ಷೇರುದಾರ ಮಾತ್ರ ಎಂದು ನಾಸ್ತಿಕರು ಇದನ್ನು ಖಂಡಿಸುತ್ತಾರೆ.

ನಾಲ್ಕನೆಯದು ಶಬ್ದ, ಅಂದರೆ ಆಪ್ತವಾಕ್ಯ. ನವಿಮುಂಬಯಿಯ ಮಹಾಪೆಯಲ್ಲಿ ಕೆಲಸ ಮಾಡುವ ಭಾವನ ಗೆಳೆಯ ಹೇಳಿದ್ದು ಆಪ್ತವಾಕ್ಯವೆನಿಸುತ್ತದೆ. ಹೇಳಿದವನು ತಾನು ಮಾತ್ರ ಆ ಷೇರು ಕೊಂಡಿರಬಾರದೆಂಬುದು ಆಪ್ತನ ಲಕ್ಷಣ. ಐದನೆಯದಾದ ಅನುಪಲಬ್ಧಿಯೆಂದರೆ ಇಲ್ಲದಿರುವುದರಿಂದ ಬರುವ ಜ್ಞಾನ: ಕಂಪನಿಯ ಸುದ್ದಿ ಪತ್ರಿಕೆಯಲ್ಲಿ ಇಲ್ಲದಿದ್ದರೆ ಒಳಗೊಳಗೇ ಏನೋ ನಡೆಯುತ್ತಿದೆಯೆಂದು ಸಿದ್ಧವಾಗುತ್ತದೆ.

5. ಪಂಥಭೇದ

ಆಸ್ತಿಕರಲ್ಲಿ ಮೂರು ಪಂಥಗಳಿವೆ. ಗೋಪುರ ಪಂಥದವರು 2017ರ ಡಿಸೆಂಬರಿನಲ್ಲಿ ಜಿಯೊ ಜೊತೆ ಆದ ಒಪ್ಪಂದದ ಪಟ್ಟಿಯನ್ನು ಸಹಸ್ರನಾಮದಂತೆ ಪಠಿಸುತ್ತಾರೆ: 43,000 ಟವರುಗಳು, 1,78,000 ಕಿಲೋಮೀಟರ್ ಫೈಬರ್, 122.4 ಮೆಗಾಹರ್ಟ್ಸ್ ತರಂಗಾಂತರ. ಅದು ಮಾರಾಟಕ್ಕಿಟ್ಟ ವಸ್ತುಗಳ ಪಟ್ಟಿಯೆಂಬುದು ಪಠಣದ ವೇಗದಲ್ಲಿ ಮರೆಯಾಗುತ್ತದೆ.

ಸೋದರ ಪಂಥದವರ ನಂಬಿಕೆ ಆರ್ಥಿಕಕ್ಕಿಂತ ಕೌಟುಂಬಿಕ. ಎರಿಕ್ಸನ್ ಕಂಪನಿಗೆ ಬಾಕಿಯಿದ್ದ 453 ಕೋಟಿ ರೂಪಾಯಿ ಕೊಡದಿದ್ದರೆ ಅನಿಲ್ ಅಂಬಾನಿ ಜೈಲಿಗೆ ಹೋಗಬೇಕಾದೀತೆಂದು ಸುಪ್ರೀಂ ಕೋರ್ಟು 2019ರ ಫೆಬ್ರುವರಿಯಲ್ಲಿ ಹೇಳಿತು. ಮಾರ್ಚ್ 18ರಂದು ಹಣ ಸಂದಾಯವಾಯಿತು, ತಮ್ಮನು ಅಣ್ಣ–ಅತ್ತಿಗೆಯರಿಗೆ ಬಹಿರಂಗವಾಗಿ ಕೃತಜ್ಞತೆ ಹೇಳಿದರು. ತಮ್ಮನನ್ನು ಉಳಿಸಿದ ಅಣ್ಣ ತಮ್ಮನ ಷೇರುದಾರನನ್ನೂ ಉಳಿಸುವನೆಂದು ಈ ಪಂಥ ನಂಬುತ್ತದೆ. ತಮ್ಮನ ಷೇರುದಾರ ಅಣ್ಣನಿಗೆ ಏನಾಗಬೇಕೆಂಬುದಕ್ಕೆ ಕನ್ನಡದ ಸಮೃದ್ಧ ಬಂಧುವಾಚಕಗಳಲ್ಲಿಯೂ ಪದ ಸಿಕ್ಕಿಲ್ಲ. ಅಣ್ಣನ ಜಿಯೊದ ನೆಲೆ ಘನ್ಸೋಲಿಯಲ್ಲಿ, ತಮ್ಮನ ಪೀಠ ಕೋಪರಖೈರಣೆಯಲ್ಲಿ. ಅದೇ ಮಾರ್ಗದ ಪಕ್ಕಪಕ್ಕದ ನಿಲ್ದಾಣಗಳು. ಒಂದೇ ನಿಲ್ದಾಣದ ದೂರ ತಾನೇ ಎಂಬುದು ಈ ಪಂಥದ ಕೊನೆಯ ಯುಕ್ತಿ.

ಸರಾಸರಿ ಪಂಥವು ಶುದ್ಧ ಗಣಿತವನ್ನು ಆಶ್ರಯಿಸಿದೆ. ಬೆಲೆ ಇಳಿದಂತೆಲ್ಲ ಇನ್ನಷ್ಟು ಕೊಂಡು ಒಟ್ಟು ಖರೀದಿಯ ಸರಾಸರಿಯನ್ನು ಇಳಿಸುವುದಕ್ಕೆ ಬೆಂಚಿನ ಭಾಷೆಯಲ್ಲಿ ‘ಆವರೇಜ್ ಮಾಡುವುದು’ ಎನ್ನುತ್ತಾರೆ. 2008ರಲ್ಲಿ 400 ರೂಪಾಯಿಯಂತೆ 100 ಷೇರು, ಮುಂದೆ 40 ರೂಪಾಯಿಯಂತೆ 1,000, ಕೊನೆಗೆ 4 ರೂಪಾಯಿಯಂತೆ 10,000 ಕೊಂಡವನನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಪ್ರತಿ ಸಲವೂ ಹಾಕಿದ್ದು 40,000 ರೂಪಾಯಿ. ಒಟ್ಟು 1,20,000 ರೂಪಾಯಿಗೆ 11,100 ಷೇರುಗಳು. ಸರಾಸರಿ 400ರಿಂದ 10 ರೂಪಾಯಿ 81 ಪೈಸೆಗೆ ಇಳಿದು ವಿಧಾನವು ಶೇಕಡಾ 97ರಷ್ಟು ಯಶಸ್ವಿಯಾಯಿತು. ಬೆಲೆ ಒಂದು ರೂಪಾಯಿ ಇದ್ದಾಗ ಆ ಷೇರುಗಳ ಮೌಲ್ಯ 11,100 ರೂಪಾಯಿಯೆಂಬುದು ಗಣಿತದ ವ್ಯಾಪ್ತಿಗೆ ಹೊರಗಿನ, ಮನೆಯವರು ಎತ್ತುವ ಆಕ್ಷೇಪ.

ಇವರೆಲ್ಲರಿಂದ ಬಹಿಷ್ಕೃತನಾದವನು ಒಬ್ಬನುಂಟು. 2017ರ ನವೆಂಬರಿನಲ್ಲಿ ಹತ್ತರ ಆಸುಪಾಸಿನಲ್ಲಿದ್ದ ಷೇರು ಸಾಲ ತೀರುವಳಿಯ ಘೋಷಣೆಯಿಂದಾಗಿ ಆ ವರ್ಷದ ಕೊನೆಯೊಳಗೆ 30 ದಾಟಿದಾಗ ಮಾರಿಬಿಟ್ಟವನು ಅವನು. ‘ಇನ್ನೂ ಏರುತ್ತಿತ್ತು, ದುಡುಕಿದ’ ಎಂದು ಇಂದಿಗೂ ಅವನನ್ನು ಕನಿಕರದಿಂದ ನೋಡಲಾಗುತ್ತದೆ.

6. ಪೂರ್ವಪಕ್ಷ ಮತ್ತು ಸಿದ್ಧಾಂತ

ನಾಸ್ತಿಕರ ಪೂರ್ವಪಕ್ಷಕ್ಕೆ ಒಂದೇ ಶ್ರುತಿ: 2016ರ ದಿವಾಳಿ ಸಂಹಿತೆಯ 53ನೆಯ ಸೆಕ್ಷನ್. ದಿವಾಳಿಯಾದ ಕಂಪನಿಯ ಆಸ್ತಿ ಮಾರಿ ಬಂದ ಹಣವನ್ನು ಯಾವ ಕ್ರಮದಲ್ಲಿ ಹಂಚಬೇಕೆಂದು ಅದು ವಿಧಿಸುತ್ತದೆ. ಮೊದಲು ಪ್ರಕ್ರಿಯೆಯ ಖರ್ಚು, ಬಳಿಕ ಕಾರ್ಮಿಕರ ಬಾಕಿ ಮತ್ತು ಅಡಮಾನವಿಟ್ಟುಕೊಂಡ ಬ್ಯಾಂಕುಗಳು, ಆಮೇಲೆ ಇತರ ನೌಕರರು, ಅಡಮಾನವಿಲ್ಲದೆ ಸಾಲ ಕೊಟ್ಟವರು, ಸರಕಾರ, ಬಾಕಿ ಬರಬೇಕಾದ ಉಳಿದವರು, ಆದ್ಯತಾ ಷೇರುದಾರರು. ಎಲ್ಲರ ಊಟ ಮುಗಿದ ಮೇಲೆ ಸಾಮಾನ್ಯ ಷೇರುದಾರ. ಮದುವೆಮನೆಯ ಕೊನೆಯ ಪಂಕ್ತಿಯವನಿಗೆ ಸಾರಾದರೂ ಸಿಗುತ್ತದೆ, ಇಲ್ಲಿ ಎಲೆಯೂ ಮುಗಿದಿರುತ್ತದೆ. ದಿವಾಳಿಯಾಗಿದ್ದ ಡಿಎಚ್‌ಎಫ್‌ಎಲ್ ಎಂಬ ಗೃಹಸಾಲ ಕಂಪನಿ 2021ರಲ್ಲಿ ಪಿರಾಮಲ್ ಸಮೂಹದ ಕೈಸೇರಿ ಉಳಿದುಕೊಂಡಿತು, ಅದರ ಹಳೆಯ ಷೇರುಗಳ ಬೆಲೆ ಸೊನ್ನೆಯೆಂದಾಯಿತು. ಕಂಪನಿ ಬದುಕುವುದೂ ಷೇರು ಬದುಕುವುದೂ ಬೇರೆ ಬೇರೆ ಎಂಬ ಈ ಭೇದಜ್ಞಾನವೇ ನಾಸ್ತಿಕ ಮತದ ಸಾರ.

ಹಾಗಾದರೆ ನಾಸ್ತಿಕನೂ ಏಕೆ ಮಾರುವುದಿಲ್ಲ? ಮಾರಿದರೆ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ದು ಬೇರೆ ಷೇರಿನ ಲಾಭದಲ್ಲಿ ಕಳೆಯಬಹುದೆಂದು ಆದಾಯ ತೆರಿಗೆ ಕಾಯಿದೆ ಹೇಳುತ್ತದೆ. ಆದರೆ ಲಾಭವೆಂಬುದು ಇದ್ದವನಿಗೆ ಮಾತ್ರ ಆ ಸವಲತ್ತು. ರಾಯರಂತೆ, ಮೂಲ ರಿಲಯನ್ಸಿನ ಹತ್ತು ಷೇರುಗಳಿಗೆ ಪಾಲಿನಲ್ಲಿ ಹತ್ತು ಷೇರು ಪಡೆದವರನ್ನು ನೋಡಬೇಕು. ಡಿಮ್ಯಾಟ್ ಖಾತೆಯಿಂದ, ಅಂದರೆ ಷೇರುಗಳನ್ನು ಕಾಗದವಿಲ್ಲದೆ ಇಡುವ ಖಾತೆಯಿಂದ, ಒಂದು ಕಂಪನಿಯ ಷೇರನ್ನು ಮಾರಿದ ದಿನ ಸಾಮಾನ್ಯವಾಗಿ ಹದಿಮೂರರಿಂದ ಇಪ್ಪತ್ತು ರೂಪಾಯಿಯಷ್ಟು ಶುಲ್ಕ ಕಡಿತವಾಗುತ್ತದೆ. ರೂಪಾಯಿಯ ಹತ್ತು ಷೇರು ಮಾರಿದರೆ ಹತ್ತು ರೂಪಾಯಿ ಬರುತ್ತದೆ, ಅದಕ್ಕಿಂತ ಹೆಚ್ಚು ಹೋಗುತ್ತದೆ. ಕಪಾಟಿನಲ್ಲಿ ಕಾಗದದ ಷೇರು ಇಟ್ಟುಕೊಂಡವನ ಮುಕ್ತಿ ಇನ್ನೂ ಪೂರ್ಣವಾದದ್ದು. 2019ರ ಏಪ್ರಿಲ್ 1ರಿಂದ ಅದನ್ನು ಡಿಮ್ಯಾಟ್ ಮಾಡಿಸದೆ ಬೇರೆಯವರಿಗೆ ವರ್ಗಾಯಿಸುವಂತೆಯೇ ಇಲ್ಲ.

ಇದರಿಂದ ದೀರ್ಘಕಾಲದ ಹೂಡಿಕೆಗೆ ಲಕ್ಷಣವೊಂದು ದೊರೆಯುತ್ತದೆ: ಯಾವುದನ್ನು ಇಟ್ಟುಕೊಳ್ಳುವುದಕ್ಕಿಂತ ಬಿಡುವುದು ದುಬಾರಿಯೋ ಅದೇ ದೀರ್ಘಕಾಲದ ಹೂಡಿಕೆ. ಎರಡನೆಯ ಕಾರಣ ಇನ್ನೂ ಸೂಕ್ಷ್ಮವಾದದ್ದು. ಮಾರಿದವನಿಗೆ ಬೆಂಚಿನಲ್ಲಿ ಜಾಗ ಉಂಟು, ಮಾತು ಇಲ್ಲ. 30 ದಾಟಿದಾಗ ಮಾರಿದವನು ಕಿಟಕಿಯ ಪಕ್ಕದಲ್ಲೇ ಕೂರುತ್ತಾನೆ. ಆದರೆ ರಾಯರು ‘ನಮ್ಮದು’ ಎಂದು ಆರಂಭಿಸಿದೊಡನೆ ಹೊರಗೆ ನೋಡತೊಡಗುತ್ತಾನೆ. ಹತ್ತು ರೂಪಾಯಿಯ ಷೇರಿನಿಂದ ದಿನವೂ ಡೊಂಬಿವಲಿಯಿಂದ ಥಾಣೆಯವರೆಗಿನ ಮಾತು ಲಾಭಾಂಶವಾಗಿ ಬರುತ್ತಿರುವಾಗ ಕಂಪನಿ ಲಾಭಾಂಶ ಕೊಡುತ್ತಿಲ್ಲವೆಂಬ ದೂರು ನಿಲ್ಲಲಾರದು.

7. ಫಲಶ್ರುತಿ

ಈ ಮೀಮಾಂಸೆಯನ್ನು ಓದಿದವರಿಗೆ ಷೇರು ಏರುವುದಿಲ್ಲ. ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿಯಲು ಥಾಣೆಯಲ್ಲಿ ಇಳಿದು 9 ಮತ್ತು 10ನೆಯ ಪ್ಲಾಟ್‌ಫಾರ್ಮುಗಳ ಕಡೆಗೆ ಓಡುವ ಅವಸರದಲ್ಲಿ ವಾದವು ಪ್ರತಿದಿನ ಅರ್ಧಕ್ಕೆ ನಿಲ್ಲುವುದರಿಂದ, ಸೋತವರೂ ಇಲ್ಲ. ಡಿಮ್ಯಾಟ್ ಖಾತೆಗೆ ನಾಮಿನಿಯ ಹೆಸರು ತುಂಬಿಸಬೇಕೆಂದು ಸೂಚನೆ ಬಂದಾಗ ರಾಯರು ಮಗನ ಹೆಸರು ಬರೆದರು, ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ, “ಅಪ್ಪ, ಹತ್ತು ರೂಪಾಯಿಗೆ ನಾಮಿನಿಯಾ?” ಎಂದು ಕೇಳಿದನು. ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗ ಹತ್ತೂವರೆ” ಎಂದರು.