ಕೆಂಪು ಅಲರ್ಟಿನ ಬಿಸಿಲು

(ಜುಲೈ ತಿಂಗಳು. ಉಡುಪಿ ಕಡೆಯ ಒಂದು ಮನೆ.)

“ರೆಡ್ ಅಲರ್ಟ್ ಮಾರಾಯ್ತಿ! 24 ಗಂಟೆಯಲ್ಲಿ 204.4 ಮಿ.ಮೀ. ದಾಟ್ತದಂತೆ. ಹೊಸ್ತಿಲು ದಾಟ್ಬೇಡ.”

“ಆ ದಶಾಂಶ ನಾಲ್ಕಾದ್ರೂ ಬಿದ್ದಿದ್ಯಾ? ಅಂಗಳದಲ್ಲಿ ಬಿಸಿಲು. ಹಪ್ಪಳ ಒಣಗಿಸ್ಲಾ?”

“ಡಿಸಿಯವರು ಶಾಲೆಗೆ ರಜೆ ಕೊಟ್ಟಾಗಿದೆ!”

“ಅದಕ್ಕೇ ಮಳೆ ಓಡಿದ್ದು. ಮಕ್ಕಳೆಲ್ಲಿ?”

“ಹೊಳೆಬದಿಯಲ್ಲಿ ಕ್ರಿಕೆಟ್.”

(ಮನೆಯೊಳಗೇ ಇರಬೇಕೆಂಬ ಸೂಚನೆ ದೊಡ್ಡವರಿಗೆ ಮಾತ್ರ.)

“ಟಾರ್ಚು, ಮೇಣದಬತ್ತಿ, ಗಂಜಿ ಅಕ್ಕಿ ಎಲ್ಲ ಉಂಟಾ?”

“ಉಂಟು. ಆಪತ್ಕಾಲಕ್ಕೆಂದು ಕರಿದಿಟ್ಟ ಹಲಸಿನ ಚಿಪ್ಸನ್ನು ನೀವು ಬೆಳಿಗ್ಗೆ ಒಂಬತ್ತಕ್ಕೇ ಮುಗಿಸಿದ್ರಿ.”

“ಆತಂಕಕ್ಕೆ ಹಸಿವು ಜಾಸ್ತಿ ಮಾರಾಯ್ತಿ.”

ಸಂಜೆ ಫೋನು ಠಣ್ಣೆಂದಿತು.

“ಅಲರ್ಟ್ ಹಳದಿಗೆ ಇಳಿದಿದೆ! ಪೇಟೆಗೆ ಹೋಗಿ ಬರ್ತೇನೆ.”

“ಕೊಡೆ ಹಿಡ್ಕೊಳ್ಳಿ. ಪಡುವಣದಲ್ಲಿ ಕಪ್ಪಿಟ್ಟಿದೆ. ನಾಳೆ ಶಾಲೆ ಉಂಟಲ್ಲ, ಮಳೆ ಬಾರದೆ ಇರ್ತದಾ?”