ಜೆ.ಪಿ. ನಗರದ ಅರಬ್ಬೀ ಸಮುದ್ರ

ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದ ಊರಿನಲ್ಲಿ ಸಮುದ್ರ ಸಾಕುವ ಹುಚ್ಚು ಕರಾವಳಿ ಬಿಟ್ಟು ಬಂದವರಿಗಷ್ಟೇ ಹಿಡಿಯುತ್ತದೆ. ತೀರ್ಥಹಳ್ಳಿ ಕಡೆಯವರು ಬಾಲ್ಕನಿಯ ಕುಂಡದಲ್ಲಿ ಅಡಿಕೆ ಸಸಿ ನೆಟ್ಟು ಸಮಾಧಾನ ಮಾಡಿಕೊಳ್ಳುತ್ತಾರೆ. ಧಾರವಾಡದವರಿಗೆ ಬನಶಂಕರಿಯಲ್ಲೊಂದು ಖಾನಾವಳಿ ಸಿಕ್ಕರೆ ಸಾಕು. ಕುಮಟೆಯ ಕಡೆಯ ನನಗೆ ಮಾತ್ರ ಜೆ.ಪಿ. ನಗರದ ಎರಡನೇ ಮಹಡಿಯ ಹಾಲಿನಲ್ಲಿ ಅರಬ್ಬೀ ಸಮುದ್ರವೇ ಬೇಕೆನಿಸಿತು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ. ಹಿಡಿಯುವುದು 56 ಲೀಟರು. ಕಾರವಾರದಿಂದ ತಲಪಾಡಿಯವರೆಗಿನ 300 ಚಿಲ್ಲರೆ ಕಿಲೋಮೀಟರಿನ ಕರಾವಳಿ ಅದರೊಳಗೆ ಕೂರಬೇಕು. ಫಿಲಿಪ್ಪೀನ್ಸಿನ ಮೀನು ಬೇಡ, ಕೆಂಪು ಸಮುದ್ರದ್ದು ಬೇಡ, ನಮ್ಮ ಕಡೆಯದೇ ಆಗಬೇಕು. ನೆಲ, ಜಲ ಎಂದು ನವೆಂಬರಿನಲ್ಲಿ ಭಾಷಣ ಮಾಡುವವರು ಜಲದ ಲೆಕ್ಕದಲ್ಲಿ ಉಪ್ಪುನೀರನ್ನು ಸೇರಿಸುವುದೇ ಇಲ್ಲ ಎಂಬ ಸಿಟ್ಟೂ ಜೊತೆಗಿತ್ತು.

ನಮ್ಮದು ಹವ್ಯಕರ ಮನೆ. ತಲೆತಲಾಂತರದಿಂದ ಸಮುದ್ರದ ಪಕ್ಕದಲ್ಲೇ ಬಾಳಿ, ಅದರಿಂದ ಉಪ್ಪಿನ ಹೊರತು ಬೇರೇನನ್ನೂ ಬಾಯಿಗಿಟ್ಟವರಲ್ಲ. ತೊಟ್ಟಿ ಮನೆಗೆ ಬಂದ ದಿನ ಆಯಿ ಅದನ್ನೊಂದು ಸುತ್ತು ಬಂದು, “ತಮಾ, ತಿಂಬವು ತಂದ್ರೆ ಅರ್ಥ ಇದ್ದು. ನಂಗಕ್ಕೆ ಎಂತಕ್ಕೆ?” ಎಂದಳು. ಹೆಂಡತಿ ಜಯನಗರದಲ್ಲಿ ಹುಟ್ಟಿ ಬೆಳೆದವಳು, ಅವಳ ಪ್ರಶ್ನೆ ಇನ್ನೂ ನೇರವಾಗಿತ್ತು: “ಟಿ.ವಿ. ಎಲ್ಲಿಡ್ತೀರಿ?”

ನಿಜವಾದ ವಿರೋಧ ಬಂದದ್ದು ಕೆಳಮನೆಯಿಂದ. ಅಲ್ಲಿರುವ ಶೆಟ್ಟರು ಉಡುಪಿಯವರು. ನೇತ್ರಾಣಿಯ ಮಾದರಿಯಲ್ಲಿ ತೊಟ್ಟಿ ಸಜ್ಜುಗೊಳಿಸುತ್ತೇನೆ, ಮುರ್ಡೇಶ್ವರದಿಂದ 19 ಕಿ.ಮೀ. ದೂರದ ಆ ದ್ವೀಪದ ಸುತ್ತ ಹವಳವಿದೆ, ಚಿಟ್ಟೆಮೀನು, ಗಿಳಿಮೀನುಗಳಿವೆ ಎಂದೆ. “ಕರಾವಳಿ ಅಂದ್ರೆ ಮಲ್ಪೆ ಮಾರಾಯ್ರೆ. ನಿಮ್ಮ ನೇತ್ರಾಣಿಯಲ್ಲಿ ಎಂತ ಉಂಟು? ಬಂದರು ಉಂಟಾ?” ಎಂದು ಅವರು ತಮ್ಮದೇ ಪಟ್ಟಿ ಕೊಟ್ಟರು: ಬಂಗುಡೆ, ಬೂತಾಯಿ, ಕಾಣೆ, ಮಾಂಜಿ, ಅಂಜಲ್. ಅದು ತೊಟ್ಟಿಯ ಪಟ್ಟಿಯೋ ಭಾನುವಾರದ ಊಟದ ಪಟ್ಟಿಯೋ ತಿಳಿಯಲಿಲ್ಲ. ಬಂಗುಡೆ ಹಿಂಡಿನಲ್ಲಿ ಸದಾ ಈಜುತ್ತಲೇ ಇರುವ ಮೀನು, ಎರಡಡಿಯಲ್ಲಿ ಅದು ಹೊರಟ ಕ್ಷಣವೇ ಗಾಜಿಗೆ ಮೂಗು ತಾಗಿಸುತ್ತದೆ. ಅಂಜಲ್ ಒಂದು ಮೀಟರು ದಾಟಿ ಬೆಳೆಯುತ್ತದೆ ಎಂದು ವಿವರಿಸಿದೆ. “ಹಾಗಾದ್ರೆ ಎಂತ ಕರಾವಳಿ ಅದು!” ಎಂದು ಶೆಟ್ಟರು ಎದ್ದರು. ಹೇಳಿಕೇಳಿ 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಅವರದು ಮದರಾಸಿನಲ್ಲಿತ್ತು. ನೇತ್ರಾಣಿಯಿಂದ ಮಲ್ಪೆಗೆ ಈಜಿದ ಮೀನು ರಾಜ್ಯ ಬದಲಿಸಿದೆನೆಂದು ತಿಳಿಯದೆ ಎಷ್ಟು ಕಾಲ ಓಡಾಡಿತ್ತೋ!

ಸಂಧಾನಕ್ಕಾಗಿ ಕಲ್ಲಿನ ವಿಷಯದಲ್ಲಿ ಶೆಟ್ಟರಿಗೆ ಬಿಟ್ಟುಕೊಟ್ಟೆ. ಮಲ್ಪೆಯ ಆಚೆ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಶಿಲೆಗಳನ್ನು ಹೋಲುವಂತೆ ಒಳಗೆ ಕಲ್ಲು ಜೋಡಿಸುವುದೆಂದಾಯಿತು. ಗ್ರಾನೈಟ್ ಅಂಗಡಿಯಲ್ಲಿ ಆರು ಮುಖದ ಚಿಕ್ಕ ತುಂಡುಗಳನ್ನು ಕೊಯ್ದು ಕೊಡಿ ಎಂದಾಗ, “ಯಾವ ದೇವರ ಪೀಠಕ್ಕೆ ಸಾರ್?” ಎಂದು ಭಕ್ತಿಯಿಂದ ಕೇಳಿದರು. ದ್ವೀಪದ ಕಲ್ಲುಗಳ ಕತೆಯನ್ನು ಮೀನಿನ ಅಂಗಡಿಯವನಿಗೂ ಹೇಳಿದೆ: ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದಲ್ಲಿ ಉಕ್ಕಿದ ಲಾವಾ ಅದು. ಅವನು ಗಂಭೀರವಾಗಿ ತಲೆದೂಗಿ, “ಹಂಗಾದ್ರೆ ಮಡಗಾಸ್ಕರ್ ಮೀನೂ ನಿಮ್ಮ ಕಡೇದೇ ಸಾರ್. ಪಾಲಾಗಿರೋದು ಅಷ್ಟೇ” ಎಂದ.

ಇನ್ನು ನೀರು. ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ನೂರು ಕಿಲೋಮೀಟರು ದೂರ, ಐನೂರು ಮೀಟರು ಎತ್ತರಕ್ಕೆ ಪಂಪು ಮಾಡಿ ಬೆಂಗಳೂರಿಗೆ ತರುತ್ತಾರೆ. ಅಷ್ಟು ಕಷ್ಟದಿಂದ ಬಂದ ಸಿಹಿನೀರನ್ನು ಆರ್‌ಓ ಯಂತ್ರಕ್ಕೆ ಹಾಕಿ, ಕ್ಲೋರಿನ್ನು ಕಳೆದು, ಮತ್ತೆ ಉಪ್ಪು ಬೆರೆಸುವ ಘನಕಾರ್ಯ ನನ್ನದು. 2024ರ ಮಾರ್ಚಿನಲ್ಲಿ ಕಾರು ತೊಳೆಯಲು, ಗಿಡಕ್ಕೆ ಹಾಕಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದಾಗ, ಆ ಪಟ್ಟಿಯನ್ನು ಎರಡೆರಡು ಸಲ ಓದಿದೆ. ಸಮುದ್ರದ ಹೆಸರಿರಲಿಲ್ಲ. ಆದರೂ ಹಾಲಿನ ಕಿಟಕಿಯ ಪರದೆ ಎಳೆದೇ ಇಟ್ಟೆ.

ಉಪ್ಪಿನಲ್ಲಾದರೂ ಊರಿನ ಮಾನ ಉಳಿಯಲಿ ಎಂದು ಗೋಕರ್ಣದ ಪಕ್ಕದ ಸಾಣಿಕಟ್ಟೆಯ ಉಪ್ಪು ತರಿಸಲು ಹೊರಟಿದ್ದೆ. ಲೀಟರಿಗೆ 35 ಗ್ರಾಮಿನಂತೆ ತೊಟ್ಟಿಗೆ ಬೇಕಾದದ್ದು ಎರಡು ಕಿಲೋ, ಅಷ್ಟೇ. ಆದರೆ ಗದ್ದೆಯಲ್ಲಿ ಸಮುದ್ರದ ನೀರು ಇಂಗುವಾಗ ಸುಣ್ಣದ ಅಂಶ ಮೊದಲೇ ತಳ ಸೇರುತ್ತದೆ, ಆಮೇಲೆ ಅಡುಗೆಯ ಉಪ್ಪು ಹರಳುಗಟ್ಟುತ್ತದೆ, ಮೆಗ್ನೀಸಿಯಂ ಕಹಿನೀರಿನಲ್ಲೇ ಉಳಿದುಬಿಡುತ್ತದೆ. ಹೀಗಾಗಿ ಸಮುದ್ರದಿಂದ ಉಪ್ಪು ತೆಗೆಯಬಹುದು, ಅದೇ ಉಪ್ಪಿನಿಂದ ಸಮುದ್ರ ಮಾಡಲಾಗದು. ಸಾಣಿಕಟ್ಟೆಯ ಉಪ್ಪು ಆಯಿಯ ಮಿಡಿ ಉಪ್ಪಿನಕಾಯಿಗೆ ಹೋಯಿತು. ತೊಟ್ಟಿಗೆ ವಿದೇಶದ ಪ್ಯಾಕೆಟ್ಟು ಬಂತು. ಕನ್ನಡ ಕಡಲಿನ ಮೊದಲ ಮುಖ್ಯ ಘಟಕ ಆಮದಾಯಿತು.

ನೀರು ಸಿದ್ಧವಾದ ಮೇಲೂ ಮೀನು ಬಿಡುವಂತಿಲ್ಲ. ಮೀನು ಹೊರಹಾಕುವ ಅಮೋನಿಯಾವನ್ನು ನೈಟ್ರೈಟು, ಅದನ್ನು ನೈಟ್ರೇಟು ಮಾಡುವ ಬ್ಯಾಕ್ಟೀರಿಯಾಗಳು ಮೊದಲು ನೆಲೆಯೂರಬೇಕು. ನುಣುಪಾದ ಗ್ರಾನೈಟಿನಲ್ಲಿ ಅವಕ್ಕೆ ಜಾಗ ಸಾಲದೆಂದು ಹಿಂದೆ ಸೆರಾಮಿಕ್ ಉಂಗುರಗಳನ್ನಿಟ್ಟೆ. ಒಂದು ತಿಂಗಳು ದಾಟಿದರೂ ಮನೆಗೆ ಬಂದವರು ನೋಡಿದ್ದು ದೀಪ ಹಾಕಿದ ಖಾಲಿ ಉಪ್ಪುನೀರು. “ಮೀನೆಲ್ಲಿ?” ಎಂದರೆ, “ಈಗ ಬ್ಯಾಕ್ಟೀರಿಯಾ ಸಾಕ್ತಿದ್ದೇನೆ” ಎಂದೆ. ಬಿ.ಟಿ.ಎಂ. ಲೇಔಟಿನ ಷಡ್ಡಕರು ತೊಟ್ಟಿಯನ್ನೂ ನನ್ನನ್ನೂ ನೋಡಿ, ಹೆಂಡತಿಯನ್ನು ಅಡುಗೆಮನೆಗೆ ಕರೆದು ನನ್ನ ನಿದ್ದೆಯ ಬಗ್ಗೆ ವಿಚಾರಿಸಿದರು.

ಹವಳದ ಆಸೆಗೆ ಅಡ್ಡ ಬಂದದ್ದು ಕಾನೂನು. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಪರಿಶಿಷ್ಟಕ್ಕೆ 2001ರಲ್ಲೇ ಕಲ್ಲುಹವಳಗಳೆಲ್ಲ ಸೇರಿವೆ. ಕಡಲಕುದುರೆ, ಕಡಲಸೌತೆಗಳೂ ಅಲ್ಲೇ. ಹುಲಿ, ಆನೆ ಇರುವ ಪಟ್ಟಿ ಅದು. ಬೆರಳುದ್ದದ ಹವಳ ಮುರಿದು ತಂದವನೂ ಹುಲಿ ಹೊಡೆದವನ ಸಾಲಿನಲ್ಲೇ ನಿಲ್ಲಬೇಕು. “ಯಾರಿಗೂ ಗೊತ್ತಾಗಲ್ಲ ಸಾರ್” ಎನ್ನುವ ಅಂಗಡಿಯವರು ಎಲ್ಲ ಕಾಲದಲ್ಲೂ ಇರುತ್ತಾರೆ. ಹವಳದ ಬಂಡೆ ಸಾಮಾನ್ಯವಾಗಿ ಅತಿ ನಿಧಾನವಾಗಿ, ವರ್ಷಕ್ಕೆ ಕೆಲವೇ ಮಿಲಿಮೀಟರು ಬೆಳೆದು ಆದದ್ದು ಎಂದು ತಿಳಿದ ಮೇಲೆ, ಗೊತ್ತಾಗದಿದ್ದರೂ ತರುವ ಮನಸ್ಸಾಗಲಿಲ್ಲ. ನೇತ್ರಾಣಿಯ ಹವಳ ನೇತ್ರಾಣಿಯಲ್ಲೇ ಇರಲಿ.

ಕೊನೆಗೆ ಬಂದದ್ದು ಒಂದು ಜೊತೆ ಕ್ಲೌನ್ ಮೀನು. ಸಿನಿಮಾದ ಕಿತ್ತಳೆ ಬಣ್ಣದ ನೀಮೋ ನಮ್ಮ ಕರಾವಳಿಯದಲ್ಲ. ಆ ಬಗೆಯದನ್ನು ಕಾಣಲು ಅಂಡಮಾನಿಗಾದರೂ ಹೋಗಬೇಕು. ಭಾರತದ ತೀರದಲ್ಲಿರುವುದು ಸೆಬೇ ಎಂಬ ಜಾತಿ: ಕಪ್ಪುಗಂದು ಮೈ, ಎರಡು ಬಿಳಿ ಪಟ್ಟೆ, ಹಳದಿ ಬಾಲ. ಬೀದಿಯ ಮಕ್ಕಳು ಸಾಲಾಗಿ ಬಂದು ನೋಡಿ, “ಅಂಕಲ್, ಡೂಪ್ಲಿಕೇಟ್ ಕೊಟ್ಟಿದ್ದಾರೆ” ಎಂದು ತೀರ್ಪು ಕೊಟ್ಟರು. ಹಳದಿ ಬಾಲದ ಪಕ್ಕಕ್ಕೆ ಕೆಂಪು ಪಟ್ಟೆಯ ಕ್ಲೀನರ್ ಸಿಗಡಿಯೊಂದನ್ನು ತಂದು ಬಿಟ್ಟೆ. ಸಿಗಡಿ ಮೀನಿನ ಪಕ್ಕ ನಿಂತ ಕ್ಷಣಗಳಲ್ಲಿ ತೊಟ್ಟಿಯೊಳಗೆ ರಾಜ್ಯೋತ್ಸವ.

ಕ್ಲೌನ್ ಮೀನುಗಳ ಸಂಸಾರ ವಿಚಿತ್ರ. ಎಲ್ಲವೂ ಹುಟ್ಟುವಾಗ ಗಂಡೇ. ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡದು ಹೆಣ್ಣಾಗಿ ಯಜಮಾನಿಕೆ ವಹಿಸುತ್ತದೆ. ಅದು ಸತ್ತರೆ ಅದರ ಗಂಡನೇ ಹೆಣ್ಣಾಗಿ ಪಟ್ಟಕ್ಕೇರುತ್ತಾನೆ. ಇದನ್ನು ಕೇಳಿದ ಶೆಟ್ಟರು ಮೊದಲ ಬಾರಿಗೆ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡರು. “ನಮ್ಮ ಅಳಿಯಕಟ್ಟಿಗಿಂತ ಒಂದು ಹೆಜ್ಜೆ ಮುಂದೆ ಉಂಟಲ್ಲ ಮಾರಾಯ್ರೆ!” ಅಂದಿನಿಂದ ಮೀನುಗಳ ಬಗ್ಗೆ ಅವರಿಗೆ ನೆಂಟಸ್ತಿಕೆಯ ಭಾವ. ಹೆಂಡತಿಗೂ ಮೀನುಗಳ ಬಗ್ಗೆ ಗೌರವ ಹೆಚ್ಚಿತು, ಟಿ.ವಿ.ಯ ವಿಷಯ ಮತ್ತೆ ಎತ್ತಲಿಲ್ಲ.

ಪಾಚಿ ತಿನ್ನಲೆಂದು ತಂದ ಹರ್ಮಿಟ್ ಏಡಿಗಳು ಮಾತ್ರ ಅಪ್ಪಟ ಬೆಂಗಳೂರಿನವು. ಸ್ವಂತ ಮನೆಯಿಲ್ಲ, ಸತ್ತ ಬಸವನಹುಳುವಿನ ಚಿಪ್ಪಿನಲ್ಲಿ ವಾಸ. ಮೈ ಬೆಳೆದಂತೆ ಚಿಪ್ಪು ಬದಲಿಸಬೇಕು. ದೊಡ್ಡದೊಂದು ಖಾಲಿಯಾದರೆ ಕೆಲವು ಜಾತಿಯ ಏಡಿಗಳು ಗಾತ್ರಕ್ಕೆ ತಕ್ಕಂತೆ ಸಾಲು ನಿಂತು, ಒಂದರ ಮನೆ ಇನ್ನೊಂದಕ್ಕೆಂದು ಕ್ಷಣಾರ್ಧದಲ್ಲಿ ಹಸ್ತಾಂತರ ಮುಗಿಸುತ್ತವೆಯಂತೆ. ಬ್ರೋಕರ್ ಇಲ್ಲ, ಹತ್ತು ತಿಂಗಳ ಅಡ್ವಾನ್ಸ್ ಇಲ್ಲ, ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವವರೂ ಇಲ್ಲ.

ಊಟದ ಪ್ರಶ್ನೆ ಮನೆಯನ್ನು ಒಡೆಯುವಂತಿತ್ತು. ಮೀನುಗಳಿಗೆ ಹೆಪ್ಪುಗಟ್ಟಿಸಿದ ಸಿಗಡಿ ಬೇಕು. ನಮ್ಮ ಫ್ರಿಜ್ಜಿನಲ್ಲಿ ಆಯಿಯ ಅಪ್ಪೆಹುಳಿ, ಸಾಲಿಗ್ರಾಮದ ನೈವೇದ್ಯದ ಹಾಲು. ಕೊನೆಗೆ ಸಿಗಡಿಗೆ ಶೆಟ್ಟರ ಫ್ರಿಜ್ಜಿನಲ್ಲಿ ಆಶ್ರಯ ದೊರೆಯಿತು. ದಿನಕ್ಕೊಮ್ಮೆ ಕೆಳಗಿಳಿದು ಚಿಟಿಕೆಯಷ್ಟು ತರುತ್ತೇನೆ. ಮಸಾಲೆಯಿಲ್ಲದ ಹಸಿ ಸಿಗಡಿ ತಿನ್ನುವ ಜೀವಗಳ ಬಗ್ಗೆ ಶೆಟ್ಟರ ಕನಿಕರ ಇನ್ನೂ ಇಳಿದಿಲ್ಲ.

ಬೆಂಗಳೂರಿನ ಹವೆಯನ್ನು ಹೊಗಳುವವರು ಉಪ್ಪುನೀರಿನ ತೊಟ್ಟಿ ಇಟ್ಟು ನೋಡಬೇಕು. ಡಿಸೆಂಬರಿನ ರಾತ್ರಿ 15 ಡಿಗ್ರಿ. ನೀರು 26ರಲ್ಲಿರಲು ಹೀಟರು ಉರಿಯಬೇಕು. ಏಪ್ರಿಲಿನಲ್ಲಿ ಅದೇ ನೀರಿಗೆ ಫ್ಯಾನು. ಫ್ಯಾನು ಹಾಕಿದರೆ ನೀರು ಆವಿಯಾಗುತ್ತದೆ, ಉಪ್ಪು ಮಾತ್ರ ಒಳಗೇ ಉಳಿದು ಗಟ್ಟಿಯಾಗುತ್ತದೆ. ದಿನವೂ ಸಿಹಿನೀರು ಸುರಿದು ಸರಿಮಾಡಬೇಕು. ಕರೆಂಟು ಹೋದರೆ ಮನೆಯ ಯುಪಿಎಸ್ ಮೊದಲು ಮೀನಿಗೆ, ಆಮೇಲೆ ಮನುಷ್ಯರಿಗೆ.

ಲೆಕ್ಕ ಹಾಕಿದರೆ ನನ್ನ ಕರಾವಳಿಯಲ್ಲಿ ನೀರು ಕಾವೇರಿಯದು, ಉಪ್ಪು ವಿದೇಶದ್ದು, ಕಲ್ಲು ಬಯಲುಸೀಮೆಯದು, ಊಟ ಶೆಟ್ಟರ ಮನೆಯದು. ಊರಿನದೆಂದು ಹೇಳಿಕೊಳ್ಳಲು ಉಳಿದದ್ದು ಹಟ ಒಂದೇ. ಅಷ್ಟಾದರೂ ಇಂಥ ತೊಟ್ಟಿ ಇಡಬೇಕೆನಿಸಿದವರಿಗೆ ನನ್ನ ಮಾತು ಇಷ್ಟೇ: ಕಡಲಿನಿಂದ ಹಿಡಿದು ತಂದ ಮೀನು ಬೇಡ, ತೊಟ್ಟಿಯಲ್ಲೇ ಹುಟ್ಟಿದ ಮರಿ ಕೇಳಿ. ಕ್ಲೌನ್ ಮೀನನ್ನು ತೊಟ್ಟಿಯಲ್ಲಿ ಮರಿಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿ ಬಹಳ ಕಾಲವಾಯಿತು. ಹವಳ ನೋಡಬೇಕೆಂದರೆ ಮಳೆಗಾಲ ಮುಗಿದ ಮೇಲೆ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿಯ ನೀರಿಗಿಳಿಯಿರಿ. ಅಷ್ಟು ದೂರ ಆಗದಿದ್ದರೆ ನಮ್ಮ ಮನೆಗೇ ಬನ್ನಿ. ಬರುವಾಗ ಒಂದು ಕ್ಯಾನು ಆರ್‌ಓ ನೀರು ತನ್ನಿ.